ಬಾಡಿಗೆ ಮನೆಗೆ ಜಾಮೀನು ಯಾರು?

(ಅರಿಶಿನಕುಂಟೆಯಲ್ಲಿ ನಡೆದ ಸ್ವ-ಸಹಾಯ ಸಂಘಗಳ ಸಭೆಯಲ್ಲಿ ಒಂದು ಮಹಿಳಾ ಸಂಘದ ಸದಸ್ಯರು ಮಾಡಿದ ಭಾಷಣದ ಬರಹ ರೂಪ)



ನಾವು ಭಾಷಣ ಮಾಡಿ ಅಭ್ಯಾಸ ಇರುವವರಲ್ಲ. ವಾರಕ್ಕೊಮ್ಮೆ ಕೂತು ಉಳಿತಾಯದ ಲೆಕ್ಕ ಬರೆಯುವವರು, ಸಾಲದ ಕಂತು ಎಣಿಸುವವರು. ಆದರೂ ನಮ್ಮ ಸಂಘದಲ್ಲಿ ನಡೆದ ಒಂದು ಸಂಗತಿಯನ್ನು ಎಲ್ಲ ಸಂಘಗಳ ಮುಂದೆ ಇಡಬೇಕು ಅಂತ ತೀರ್ಮಾನ ಮಾಡಿ ಇಲ್ಲಿ ನಿಂತಿದ್ದೇವೆ. ತಪ್ಪಿದ್ದರೆ ತಿದ್ದಿ.

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತ ಹಿರಿಯರು ಹೇಳುತ್ತಿದ್ದರು. ಅವರು ಈಗ ಇದ್ದಿದ್ದರೆ "ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿ ನೋಡು" ಅಂತ ಇನ್ನೊಂದು ಮಾತು ಸೇರಿಸುತ್ತಿದ್ದರೇನೋ. ದುಡ್ಡಿದ್ದವರಿಗೇ ಕಷ್ಟ. ದುಡ್ಡೂ ಇಲ್ಲ, "ಇವರು ನಮ್ಮವರು, ಕೊಡಿ" ಅಂತ ಹೇಳುವ ಜನವೂ ಇಲ್ಲ ಅಂದರೆ ಹೇಗಿರುತ್ತೆ ಅನ್ನುವುದೇ ಇವತ್ತಿನ ವಿಷಯ.

ನಾಲ್ಕು ಭಾನುವಾರ

ನಮ್ಮ ಸಂಘದ ಒಬ್ಬ ಸದಸ್ಯೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ಯಜಮಾನರು ತೀರಿಹೋಗಿ ಆರು ವರ್ಷ ಆಯಿತು. ಮಗಳನ್ನು ಕಷ್ಟಪಟ್ಟು ನರ್ಸಿಂಗ್ ಓದಿಸಿದರು. ಆ ಹುಡುಗಿಗೆ ಬೆಂಗಳೂರಿನಲ್ಲಿ ಯಶವಂತಪುರದ ಕಡೆ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಸಂಬಳ ತಿಂಗಳಿಗೆ ₹18,000. ಡ್ಯೂಟಿ ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತೂವರೆ.

ಹೋಗಿಬರುವ ಖರ್ಚು ದೊಡ್ಡ ಸಮಸ್ಯೆ ಆಗಿರಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸು ಫ್ರೀ. 2024ರ ನವೆಂಬರ್‌ನಲ್ಲಿ ಮೆಟ್ರೋ ಕೂಡ ನಾಗಸಂದ್ರದಿಂದ ಮಾದಾವರದವರೆಗೆ ಬಂತು. ಸಮಸ್ಯೆ ಇದ್ದದ್ದು ಹೊತ್ತಿನದು. ಡ್ಯೂಟಿ ಮುಗಿಸಿ, ಚಾರ್ಜ್ ಒಪ್ಪಿಸಿ, ಮಾದಾವರದಲ್ಲಿ ಇಳಿದು ಊರು ಸೇರುವಾಗ ರಾತ್ರಿ ಹನ್ನೊಂದು. ಒಂದು ತಿಂಗಳು ಆ ತಾಯಿ ತುಮಕೂರು ರೋಡಿನ ಪಕ್ಕ ಲಾರಿಗಳ ಬೆಳಕಿನಲ್ಲಿ ನಿಂತು ಮಗಳಿಗೆ ಕಾದರು. ಬೆಳಿಗ್ಗೆ ಆರಕ್ಕೆ ಎದ್ದು ತಾವು ಫ್ಯಾಕ್ಟರಿಗೆ ಹೋಗಬೇಕು. "ಹೀಗೆ ಆಗಲ್ಲ ಕಣವ್ವ, ಅಲ್ಲೇ ಒಂದು ರೂಮು ಮಾಡು" ಅಂದರು.

ಮಗಳು, ಹಾಸನದ ಕಡೆಯ ಅವಳ ಜೊತೆ ಕೆಲಸ ಮಾಡುವ ಹುಡುಗಿ, ಮತ್ತೆ ತಾಯಿ, ಮೂವರೂ ಸೇರಿ ನಾಲ್ಕು ಭಾನುವಾರ ಮನೆ ಹುಡುಕಿದರು. ದಾಸರಹಳ್ಳಿ, ಬಾಗಲಗುಂಟೆ, ಜಾಲಹಳ್ಳಿ ಕ್ರಾಸ್, ಪೀಣ್ಯ ಎಲ್ಲ ಸುತ್ತಿದರು. ಒಂದು ಕಡೆ "ಫ್ಯಾಮಿಲಿಗೆ ಮಾತ್ರ, ಹುಡುಗಿಯರಿಗೆ ಕೊಡಲ್ಲ" ಅಂದರು. ಇನ್ನೊಂದು ಕಡೆ ಮನೆ ತೋರಿಸಿ, ನೀರು ಕುಡಿಯಲು ಕೊಟ್ಟು, ಆಮೇಲೆ "ನೀವು ಯಾವ ಜನ?" ಅಂತ ಕೇಳಿದರು. ಇವರು ಹೇಳಿದರು. "ಅಯ್ಯೋ, ನಮ್ಮ ಅಳಿಯ ಬರ್ತೀನಿ ಅಂದಿದ್ರು, ಮರೆತೇಬಿಟ್ಟಿದ್ದೆ" ಅಂದರು ಓನರಮ್ಮ. ಮುಂದಿನ ಭಾನುವಾರವೂ ಆ ಗೇಟಿನ ಮೇಲೆ ಟು-ಲೆಟ್ ಬೋರ್ಡು ಹಾಗೇ ನೇತಾಡುತ್ತಿತ್ತು.

ಮೂರನೆಯ ಮನೆ ಬ್ರೋಕರ್ ತೋರಿಸಿದ್ದು. ಒಂದು ಹಾಲು, ಒಂದು ರೂಮು. ಬಾಡಿಗೆ ₹8,500. ಅಡ್ವಾನ್ಸು ಹತ್ತು ತಿಂಗಳದ್ದು. "ಗೌರ್ಮೆಂಟ್ ಕೆಲಸದಲ್ಲಿರೋರು ಯಾರಾದ್ರೂ ಜವಾಬ್ದಾರಿ ಅಂತ ಸೈನ್ ಹಾಕಿದ್ರೆ ಐದು ತಿಂಗಳಿಗೆ ಕೊಡ್ತೀನಿ" ಅಂದರು ಓನರು. ನಮ್ಮಂಥವರಿಗೆ ಗೌರ್ಮೆಂಟ್ ಕೆಲಸದವರು ಎಲ್ಲಿಂದ ಬರಬೇಕು?

ಗೊತ್ತಿರುವವರು ಇಲ್ಲದಿದ್ದರೆ ಎಷ್ಟು ಖರ್ಚು

ಆ ವಾರದ ಸಭೆಯಲ್ಲಿ ಆ ತಾಯಿ ಸಾಲ ಕೇಳಿದರು. ನಾವು ಬೋರ್ಡಿನ ಮೇಲೆ ಲೆಕ್ಕ ಬರೆದೆವು. ನೀವೂ ಮನಸ್ಸಿನಲ್ಲಿ ಲೆಕ್ಕ ಹಾಕಿ ನೋಡಿ.

ಹತ್ತು ತಿಂಗಳ ಅಡ್ವಾನ್ಸು ₹85,000. ಮೊದಲ ತಿಂಗಳ ಬಾಡಿಗೆ ₹8,500. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ₹8,500. ಒಟ್ಟು ₹1,02,000. ಕೀಲಿ ಕೈಗೆ ಬರುವ ಮೊದಲೇ ಕೊಡಬೇಕಾದ ಹಣ ಇದು. ಜಾಮೀನು ಹಾಕುವವರು ಇದ್ದಿದ್ದರೆ ಇದರಲ್ಲಿ ₹42,500 ಕಡಿಮೆ ಆಗುತ್ತಿತ್ತು. ಅಂದರೆ ಒಬ್ಬ ದೊಡ್ಡ ಮನುಷ್ಯರ ಪರಿಚಯ ಇಲ್ಲದಿದ್ದಕ್ಕೆ ಆ ಮನೆಯಲ್ಲಿ ಕಟ್ಟಬೇಕಾದ ಬೆಲೆ ₹42,500.

"ಅಡ್ವಾನ್ಸು ವಾಪಸ್ ಬರುತ್ತಲ್ಲ" ಅಂತ ಕೆಲವರು ಹೇಳ್ತಾರೆ. ಬರುತ್ತೆ, ಬಡ್ಡಿ ಬರಲ್ಲ. ₹85,000ವನ್ನು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ ₹2,550 ಬಡ್ಡಿ. ಆಗ ಆ ಮನೆಯ ನಿಜವಾದ ಬಾಡಿಗೆ ₹8,500 ಅಲ್ಲ, ₹11,050. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಹಿಡಿದುಕೊಳ್ಳುವುದು ಬೇರೆ. ಬಡವರೇ ಹೆಚ್ಚು ಬಾಡಿಗೆ ಕಟ್ಟುತ್ತಾರೆ ಅನ್ನುವುದು ನಮಗೆ ಆವತ್ತು ಗೊತ್ತಾಯಿತು.

ಅಷ್ಟು ಹಣ ನಮ್ಮ ಸಂಘದಲ್ಲಿ ಇರಲಿಲ್ಲ. ₹40,000 ಕೊಡಬಹುದು, ನೂರಕ್ಕೆ ಒಂದು ರೂಪಾಯಿ ಬಡ್ಡಿ, ತಿಂಗಳಿಗೆ ₹2,000ದಂತೆ 20 ಕಂತು ಅಂತ ತೀರ್ಮಾನವಾಯಿತು. ಇಷ್ಟರಲ್ಲೇ ಮನೆ ಹುಡುಕಬೇಕು ಅಂತ ನಮ್ಮಲ್ಲಿ ಇಬ್ಬರು ಆ ತಾಯಿ ಮಗಳ ಜೊತೆ ನಾಲ್ಕನೇ ಭಾನುವಾರ ಹೊರಟೆವು.

ನಮ್ಮ ಬಾಗಿಲಿಗೆ ಬಂದವರು

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಆ ಲೆಕ್ಕ ಬರೆಯುತ್ತಿದ್ದಾಗ ನಮ್ಮಲ್ಲೇ ಒಬ್ಬರು ತಲೆ ತಗ್ಗಿಸಿ ಕೂತಿದ್ದರು. ಯಾಕೆ ಅಂದರೆ, "ಮೊನ್ನೆ ನಾವೂ ಹೀಗೇ ಮಾಡಿದ್ವಲ್ಲ" ಅಂದರು.

ನಮ್ಮ ಅರಿಶಿನಕುಂಟೆ ಈಗ ಹಳೇ ಹಳ್ಳಿ ಅಲ್ಲ. ಸುತ್ತ ಗೋಡೌನುಗಳು, ಆಚೆ ಪೀಣ್ಯ, ಈಚೆ ದಾಬಸ್‌ಪೇಟೆ. ಕೆಲಸಕ್ಕೆ ಎಲ್ಲ ಕಡೆಯಿಂದ ಜನ ಬರ್ತಾರೆ. ನಮ್ಮಲ್ಲಿ ಜಮೀನು ಮಾರಿದವರು, ಸೈಟು ಉಳಿಸಿಕೊಂಡವರು ಮನೆ ಹಿಂದೆ ಎರಡು ಮೂರು ರೂಮು ಕಟ್ಟಿ ಬಾಡಿಗೆಗೆ ಕೊಟ್ಟಿದ್ದೇವೆ. ನಮ್ಮ ಸಂಘದ ಹದಿನೆಂಟು ಜನರಲ್ಲಿ ಏಳು ಜನ ಬಾಡಿಗೆ ಮನೆಯಲ್ಲಿದ್ದೇವೆ, ಐದು ಜನ ಬಾಡಿಗೆಗೆ ಕೊಟ್ಟವರು.

ಆ ವಾರವೇ ರಾಯಚೂರು ಕಡೆಯ ಗಂಡ ಹೆಂಡತಿ, ಎರಡು ವರ್ಷದ ಮಗು ಎತ್ತಿಕೊಂಡು, ನಮ್ಮ ಸದಸ್ಯೆಯ ರೂಮು ಕೇಳಿಕೊಂಡು ಬಂದಿದ್ದರು. ಗಂಡನಿಗೆ ಗೋಡೌನಿನಲ್ಲಿ ಲೋಡಿಂಗ್ ಕೆಲಸ. ರೂಮಿನ ಬಾಡಿಗೆ ₹3,500. "ಇಲ್ಲಿ ಯಾರು ಗೊತ್ತು ನಿಮಗೆ?" ಅಂತ ಕೇಳಿದೆವು. "ಯಾರೂ ಇಲ್ರಿ ಅಕ್ಕಾರೆ" ಅಂದರು. "ಯಾರಾದ್ರೂ ಗೊತ್ತಿರೋರನ್ನ ಕರ್ಕೊಂಡು ಬನ್ನಿ, ಇಲ್ಲಾಂದ್ರೆ ಇಪ್ಪತ್ತೈದು ಸಾವಿರ ಅಡ್ವಾನ್ಸು ಕೊಡಿ" ಅಂದೆವು. ಆ ಹೆಂಗಸು ಏನೂ ಮಾತಾಡಲಿಲ್ಲ. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಹೊರಟುಹೋದಳು.

ಲೆಕ್ಕ ಮುಗಿದ ಮರುದಿನ ಬೆಳಿಗ್ಗೆ ಅವರನ್ನು ಹುಡುಕಿದೆವು. ಗೋಡೌನುಗಳ ಹತ್ತಿರ ವಿಚಾರಿಸಿದೆವು. ಬರೆದುಕೊಟ್ಟಿದ್ದ ಫೋನ್ ನಂಬರಿಗೆ ಮಾಡಿದರೆ ಸ್ವಿಚ್ ಆಫ್. ಆ ಮಗು ಆ ರಾತ್ರಿ ಎಲ್ಲಿ ಮಲಗಿತೋ ನಮಗೆ ಇವತ್ತಿಗೂ ಗೊತ್ತಿಲ್ಲ. ಬೆಂಗಳೂರಿನ ಓನರುಗಳನ್ನು ಬೈಯಲು ನಮಗೆ ಎಷ್ಟು ಹಕ್ಕಿದೆ ಅಂತ ಯೋಚನೆ ಬಂದಿದ್ದು ಆಮೇಲೆ.

ಓನರುಗಳ ಭಯವೂ ಸುಳ್ಳಲ್ಲ. ನಮ್ಮಲ್ಲೇ ಒಬ್ಬ ವಿಧವೆ ತಾಯಿಗೆ ಎರಡು ರೂಮಿನ ಬಾಡಿಗೆಯೇ ಜೀವನ. ಮೂರು ತಿಂಗಳ ಬಾಡಿಗೆ, ಕರೆಂಟ್ ಬಿಲ್ಲು ಬಾಕಿ ಇಟ್ಟು ರಾತ್ರೋರಾತ್ರಿ ಹೋದವರನ್ನು ಅವರು ಎಲ್ಲಿ ಹುಡುಕಬೇಕು? ಈ ಭಯಕ್ಕೇ ಜಾಮೀನು ಕೇಳೋದು, ಜಾಮೀನು ಇಲ್ಲದಿದ್ದರೆ ಅಡ್ವಾನ್ಸು ಏರಿಸೋದು. ಭಯ ನ್ಯಾಯವೇ. ಆದರೆ ಎರಡು ತಿಂಗಳ ಭಯಕ್ಕೆ ಹತ್ತು ತಿಂಗಳ ಹಣ ಕೇಳೋದು ನ್ಯಾಯ ಅಲ್ಲ.

ಕಾನೂನು ಏನು ಹೇಳುತ್ತೆ

ಕಾನೂನು ನೆರವು ಶಿಬಿರದಲ್ಲಿ ಕೇಳಿ ತಿಳಿದ ನಾಲ್ಕು ವಿಷಯಗಳನ್ನು ನಿಮಗೂ ಹೇಳುತ್ತೇವೆ.

ಒಂದು, ಬಾಡಿಗೆ ಕಾಯ್ದೆ. ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಇದೆ. ಅದು 2001ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಆದರೆ ಬೆಂಗಳೂರಿನಂಥ ದೊಡ್ಡ ನಗರದಲ್ಲಿ ತಿಂಗಳ ಬಾಡಿಗೆ ₹3,500 ಮೀರಿದ ಮನೆಗೆ, ಬೇರೆ ಕಡೆ ₹2,000 ಮೀರಿದ ಮನೆಗೆ ಅದು ಅನ್ವಯಿಸುವುದಿಲ್ಲ. ಆ ಬಾಡಿಗೆಗೆ ಈಗ ಬೆಂಗಳೂರಿನಲ್ಲಿ ಮನೆ ಎಲ್ಲಿದೆ? ಹಾಗಾಗಿ ಹೆಚ್ಚಿನವರಿಗೆ ಕೈಯಲ್ಲಿರುವ ಕರಾರು ಪತ್ರವೇ ಆಧಾರ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸು ಕೇಳಬಾರದು ಅಂತ ಇದೆ. ಅದು ಬರೀ ಮಾದರಿ. ರಾಜ್ಯ ತಾನೇ ಕಾಯ್ದೆ ಮಾಡಿದರೆ ಮಾತ್ರ ಜಾರಿ.

ಎರಡು, ಹನ್ನೊಂದು ತಿಂಗಳು. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್-ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಆ ಖರ್ಚು, ಓಡಾಟ ಬೇಡ ಅಂತಲೇ ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಯುವುದು. ಇದು ಭೋಗ್ಯಕ್ಕೆ ಬಹಳ ಮುಖ್ಯ. ಐದು ಲಕ್ಷ, ಎಂಟು ಲಕ್ಷ ಕೊಟ್ಟು ಎರಡು ಮೂರು ವರ್ಷಕ್ಕೆ ಭೋಗ್ಯಕ್ಕೆ ಹೋಗುವವರು ನೋಂದಣಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮನೆ ನಿಜವಾಗಿ ಯಾರ ಹೆಸರಿನಲ್ಲಿದೆ, ಬ್ಯಾಂಕ್ ಸಾಲ ಇದೆಯಾ ಅಂತ ಋಣಭಾರ ಪತ್ರ ತೆಗೆಸಿ ನೋಡಿ. ಓನರಿಂದ ತಿಂಗಳ ಬಾಡಿಗೆಗೆ ಮನೆ ಹಿಡಿದು, ಅದನ್ನೇ ಬೇರೆಯವರಿಗೆ ಭೋಗ್ಯಕ್ಕೆ ಕೊಟ್ಟು ಹಣದ ಸಮೇತ ಮಾಯವಾಗುವ ಮಧ್ಯವರ್ತಿಗಳಿದ್ದಾರೆ. ಓನರು ಸಾಲ ಕಟ್ಟದೆ ಬ್ಯಾಂಕಿನವರು ಮನೆ ವಶಕ್ಕೆ ತಗೊಂಡಾಗ ಬೀದಿಗೆ ಬರುವವರು ಭೋಗ್ಯದವರೇ.

ಮೂರು, ಸಾಕ್ಷಿ ಬೇರೆ, ಜಾಮೀನು ಬೇರೆ. ಕರಾರು ಪತ್ರದ ಕೆಳಗೆ ಸಾಕ್ಷಿ ಅಂತ ಸಹಿ ಹಾಕಿದವರು "ಇವರಿಬ್ಬರೂ ನಮ್ಮ ಮುಂದೆ ಸಹಿ ಹಾಕಿದರು" ಅಂತ ಹೇಳುವವರು ಮಾತ್ರ. ಜಾಮೀನುದಾರ ಅಂತ ಸಹಿ ಹಾಕಿದರೆ ಬಾಡಿಗೆದಾರ ಕೊಡಬೇಕಾದದ್ದೆಲ್ಲ ನಿಮ್ಮ ತಲೆ ಮೇಲೆ. 1872ರ ಕರಾರು ಕಾಯ್ದೆ ಪ್ರಕಾರ, ಬೇರೆ ರೀತಿ ಬರೆಯದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಬಾಯಿ ಮಾತಿನ ಜಾಮೀನನ್ನೂ ಆ ಕಾಯ್ದೆ ಒಪ್ಪುತ್ತದೆ. ಆದ್ದರಿಂದ ಸಂಕೋಚಕ್ಕೆ "ನಾನಿದ್ದೀನಿ ಬಿಡಿ" ಅನ್ನುವ ಮೊದಲು ಯೋಚಿಸಿ. ಒಪ್ಪುವುದಾದರೆ "ಎರಡು ತಿಂಗಳ ಬಾಡಿಗೆಯವರೆಗೆ ಮಾತ್ರ, ಮೊದಲ ಹನ್ನೊಂದು ತಿಂಗಳಿಗೆ ಮಾತ್ರ" ಅಂತ ಮಿತಿ ಬರೆಸಿ.

ನಾಲ್ಕು, ಬಿಡಿಸುವುದು. ಕರಾರಿನಲ್ಲಿ ಬೇರೆ ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಯ ಮನೆಗೆ ಎರಡೂ ಕಡೆಯವರು 15 ದಿನದ ನೋಟಿಸ್ ಕೊಡಬೇಕು ಅನ್ನುತ್ತದೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಬಾಡಿಗೆ ಬಾಕಿ ಇದ್ದರೂ ಓನರು ತಾವೇ ಬೀಗ ಹಾಕಿ ಸಾಮಾನು ಹೊರಗೆ ಎಸೆಯುವ ಹಾಗಿಲ್ಲ, ಕೋರ್ಟ್ ಮೂಲಕವೇ ಹೋಗಬೇಕು. ಹಾಗೆ ಬಲವಂತವಾಗಿ ಹೊರಗೆ ಹಾಕಿದರೆ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು.

ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಉಚಿತ ಕಾನೂನು ನೆರವು ಹಕ್ಕಾಗಿಯೇ ಇದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟ್ ಆವರಣದಲ್ಲಿರುತ್ತದೆ. ಸಹಾಯವಾಣಿ 15100. ಫೋನ್ ಮಾಡಲು ಹೆದರಬೇಡಿ.

ನಾಲ್ಕನೇ ಮನೆ

ಈಗ ಆ ಹುಡುಗಿಯ ವಿಷಯಕ್ಕೆ ಬರೋಣ. ಬಾಗಲಗುಂಟೆಯಲ್ಲಿ ಬ್ರೋಕರ್ ಇಲ್ಲದೆ, ಬೀದಿ ಬೀದಿ ಬೋರ್ಡು ನೋಡಿಕೊಂಡು ಹೋಗಿ ಒಬ್ಬ ವಯಸ್ಸಾದ ಅಜ್ಜಿಯ ಮನೆ ಬಾಗಿಲು ತಟ್ಟಿದೆವು. ಈ ಸಲ ಬರೀ ಕೈಯಲ್ಲಿ ಹೋಗಿರಲಿಲ್ಲ. ಆಸ್ಪತ್ರೆಯ ನೇಮಕಾತಿ ಪತ್ರ, ಸಂಬಳ ಬಂದಿರುವ ಬ್ಯಾಂಕ್ ಪಾಸ್‌ಬುಕ್, ಆಧಾರ್ ಪ್ರತಿ, ತಾಯಿಯ ವಿಳಾಸ, ಜೊತೆಗೆ ಸಂಘದ ಉಳಿತಾಯ ಪುಸ್ತಕ. ಆರು ವರ್ಷದಿಂದ ಒಂದು ಕಂತೂ ತಪ್ಪಿಸಿಲ್ಲ ಅನ್ನುವುದು ಆ ಪುಸ್ತಕದಲ್ಲಿ ಪ್ರತಿ ವಾರದ ಸಹಿಯೊಂದಿಗೆ ಇತ್ತು.

ಅಜ್ಜಿ ಕನ್ನಡಕ ಹಾಕಿಕೊಂಡು ಆ ಪುಸ್ತಕವನ್ನು ಹಾಳೆ ಹಾಳೆ ತಿರುವಿ ನೋಡಿದರು. "ನೀವು ಯಾರಮ್ಮ ಇವರಿಗೆ?" ಅಂತ ನಮ್ಮನ್ನು ಕೇಳಿದರು. "ನೆಂಟರಲ್ಲ ಅಮ್ಮ, ಒಂದೇ ಸಂಘದವರು" ಅಂದೆವು. "ದುಡ್ಡು ಕೊಡದಿದ್ರೆ ನೀವು ಕೊಡ್ತೀರಾ?" ಅಂದರು. ನೇರವಾಗಿ ಹೇಳಿದೆವು: "ಕೊಡ್ತೀವಿ ಅಂತ ಸಹಿ ಹಾಕೋ ಶಕ್ತಿ ನಮಗಿಲ್ಲ. ಆದರೆ ಒಂದು ತಿಂಗಳು ಬಾಡಿಗೆ ಬರಲಿಲ್ಲ ಅಂದ್ರೆ ಫೋನ್ ಮಾಡಿ, ನಾವೇ ಬಂದು ಕೂತು ಬಗೆಹರಿಸ್ತೀವಿ." ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು "ಸುಳ್ಳು ಹೇಳಲಿಲ್ವಲ್ಲ" ಅಂದರು. ಬಾಡಿಗೆ ₹8,000, ಅಡ್ವಾನ್ಸು ನಾಲ್ಕು ತಿಂಗಳದ್ದು ₹32,000. ಮೊದಲ ಬಾಡಿಗೆ ಸೇರಿ ಸರಿಯಾಗಿ ₹40,000. ಇಬ್ಬರು ಹುಡುಗಿಯರು ತಲಾ ₹4,000 ಹಾಕುತ್ತಾರೆ. ಸಂಘದ ಕಂತು ತಪ್ಪದೆ ಬರುತ್ತಿದೆ. ತಾಯಿ ಈಗ ರಾತ್ರಿ ಹೈವೇ ಪಕ್ಕ ನಿಲ್ಲುವುದಿಲ್ಲ.

ನೀವು ಏನು ಮಾಡಬಹುದು

ಮನೆ ಹುಡುಕುವವರು:

1. ನೇಮಕಾತಿ ಪತ್ರ, ಸಂಬಳದ ಚೀಟಿ, ಪಾಸ್‌ಬುಕ್, ಹಿಂದಿನ ಓನರಿಂದ "ಬಾಡಿಗೆ ಸರಿಯಾಗಿ ಕೊಟ್ಟಿದ್ದಾರೆ" ಅಂತ ಎರಡು ಸಾಲಿನ ಪತ್ರ, ಇವನ್ನು ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಆಧಾರ್ ಪ್ರತಿ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಬಹುದು.

2. ಅಡ್ವಾನ್ಸು ಬ್ಯಾಂಕ್ ಅಥವಾ ಫೋನ್ ಮೂಲಕ ಕೊಡಿ. ನಗದು ಕೊಟ್ಟರೆ ರಸೀದಿ ಬೇಕೇ ಬೇಕು. ಕರಾರು ಪತ್ರದಲ್ಲಿ ಅಡ್ವಾನ್ಸಿನ ಮೊತ್ತ, ವಾಪಸ್ ಕೊಡುವ ದಿನ, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ನೀರಿನ ಹಣ ಯಾರದು ಅಂತ ಬರೆಸಿ.

3. ಮನೆಗೆ ಸೇರಿದ ದಿನವೇ ಗೋಡೆ, ನಲ್ಲಿ, ಬಾಗಿಲುಗಳ ಫೋಟೋ ತೆಗೆದು ಓನರಿಗೂ ಕಳಿಸಿ.

4. 2023ರ ಜುಲೈನಿಂದ ಬಂದ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ನಿಮ್ಮ ಮನೆಗೆ ಪ್ರತ್ಯೇಕ ಮೀಟರ್ ಇದೆಯಾ ಕೇಳಿ. ಮನೆ ಬಿಡುವಾಗ ಹಳೇ ಮೀಟರಿನಿಂದ ಆಧಾರ್ ಡಿ-ಲಿಂಕ್ ಮಾಡಿಸಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ತೊಂದರೆ.

5. ಕೂಡಲೇ ಅಷ್ಟು ಹಣ ಇಲ್ಲದಿದ್ದರೆ ಮೊದಲ ಕೆಲವು ತಿಂಗಳು ಪಿ.ಜಿ. ಅಥವಾ ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್ ನೋಡಿ. ಮೀಟರ್ ಬಡ್ಡಿಗೆ ಮಾತ್ರ ಹೋಗಬೇಡಿ.

ಮನೆ ಕೊಡುವವರು: ಇದು ನಮಗೆ ನಾವೇ ಹಾಕಿಕೊಂಡ ನಿಯಮ. ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸು ಕೇಳುವುದಿಲ್ಲ. ಒಟ್ಟಿಗೆ ಕೊಡಲಾಗದವರಿಗೆ ಮೂರು ಕಂತು. ಗುರುತಿನ ಚೀಟಿ, ಕೆಲಸದ ಜಾಗ, ಊರಿನ ಫೋನ್ ನಂಬರ್ ಕೇಳುತ್ತೇವೆ, ಪೊಲೀಸ್ ಠಾಣೆಗೆ ವಿವರ ಕೊಡುತ್ತೇವೆ. "ಯಾವ ಜನ?" ಅಂತ ಮಾತ್ರ ಕೇಳುವುದಿಲ್ಲ. ಮನೆ ಬಾಡಿಗೆಗೆ ಕೊಟ್ಟಿರುವ ನಮ್ಮ ಐದು ಜನರಲ್ಲಿ ನಾಲ್ವರು ಒಪ್ಪಿದ್ದಾರೆ. ಐದನೆಯವರು ಇನ್ನೂ ಯೋಚನೆ ಮಾಡ್ತಿದ್ದಾರೆ, ಅವರೂ ಇಲ್ಲೇ ಕೂತಿದ್ದಾರೆ, ಒತ್ತಾಯ ಇಲ್ಲ.

ಸಂಘಗಳು: ಬಾಡಿಗೆ ಅಡ್ವಾನ್ಸಿಗೆ ಅಂತಲೇ ಒಂದು ಸಣ್ಣ ನಿಧಿ ಬೇರೆ ಇಡಬಹುದು. ಅಡ್ವಾನ್ಸು ಒಂದು ದಿನ ವಾಪಸ್ ಬರುವ ಹಣ. ಆದ್ದರಿಂದ ಈ ಸಾಲ ಮುಳುಗುವ ಭಯ ಮದುವೆ ಸಾಲಕ್ಕಿಂತ ಕಡಿಮೆ.

ಬೇರೆ ದೇಶಗಳಲ್ಲಿ

ಇದು ನಮ್ಮೊಬ್ಬರ ಕಷ್ಟ ಅಲ್ಲ. ಓದಲು ಇಂಗ್ಲೆಂಡಿಗೆ ಹೋದ ನಮ್ಮ ಕನ್ನಡದ ಮಕ್ಕಳಿಗೂ "ಈ ದೇಶದಲ್ಲೇ ಇರುವ ಜಾಮೀನುದಾರ ಯಾರು?" ಅಂತ ಕೇಳುತ್ತಾರೆ. ಆದರೆ ಅಲ್ಲಿ 2019ರ ಕಾಯ್ದೆಯ ಪ್ರಕಾರ ಸಾಮಾನ್ಯ ಬಾಡಿಗೆಯ ಮನೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಕೇಳುವ ಹಾಗಿಲ್ಲ. ಆ ಹಣವನ್ನೂ ಸರ್ಕಾರ ಒಪ್ಪಿದ ಯೋಜನೆಯಲ್ಲಿ ಭದ್ರವಾಗಿ ಇಡಬೇಕು. ಜರ್ಮನಿಯಲ್ಲಿ ಮಿತಿ ಮೂರು ತಿಂಗಳು, ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ಫ್ರಾನ್ಸಿನಲ್ಲಿ 2016ರಿಂದ ವಿಸಾಲ್ ಅನ್ನುವ ವ್ಯವಸ್ಥೆ ಇದೆ. ಜಾಮೀನು ಇಲ್ಲದ ಯುವಕ ಯುವತಿಯರಿಗೆ ಆ ಸಂಸ್ಥೆಯೇ ಉಚಿತವಾಗಿ ಜಾಮೀನು ನಿಲ್ಲುತ್ತದೆ. ನಮ್ಮಲ್ಲಿಯೂ ಇಂಥದ್ದು ಬರಲಿ ಅಂತ ಗ್ರಾಮಸಭೆಗಳಲ್ಲಿ, ವಾರ್ಡು ಸಭೆಗಳಲ್ಲಿ, ಶಾಸಕರ ಮುಂದೆ ನಾವು ಕೇಳಬೇಕು. ಬರುವವರೆಗೆ ನಮ್ಮ ನಮ್ಮ ಸಂಘವೇ ಆ ಕೆಲಸ ಸ್ವಲ್ಪ ಮಟ್ಟಿಗೆ ಮಾಡಬಹುದು.

ಪ್ರಿಯರೇ, ಆ ರಾಯಚೂರಿನ ಹೆಂಗಸು ನಮ್ಮ ಬಾಗಿಲಿನಲ್ಲಿ ನಿಂತಿದ್ದಾಗ ಅವಳ ಜೊತೆ ಯಾವ ಸಂಘವೂ ಇರಲಿಲ್ಲ, ಉಳಿತಾಯ ಪುಸ್ತಕವೂ ಇರಲಿಲ್ಲ. ನಮ್ಮ ಹುಡುಗಿಯ ಜೊತೆ ಇಬ್ಬರು ಇದ್ದೆವು. ವ್ಯತ್ಯಾಸ ಅಷ್ಟೇ. ನಾಳೆ ನಿಮ್ಮ ಗೇಟಿನ ಹತ್ತಿರ ಯಾರಾದರೂ ಮಗು ಎತ್ತಿಕೊಂಡು ನಿಂತು "ರೂಮು ಇದೆಯಾ ಅಕ್ಕಾ" ಅಂದರೆ, ಮೊದಲು ಕೂತುಕೊಳ್ಳಿ ಅನ್ನಿ. ಉಳಿದ ಪ್ರಶ್ನೆಗಳನ್ನು ಆಮೇಲೆ ಕೇಳೋಣ.